ಏಕರೂಪ ಪರೀಕ್ಷೆ: ಮಗುವಿನ ಅಂಕಕ್ಕೆ ಉತ್ತರದಾಯಿ ಯಾರು?

ಕಲಬುರಗಿ: ರಾಜ್ಯದ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆ ನೀಡಿ ಕಲಿಕೆಯನ್ನು ಅಳೆಯುವ ವ್ಯವಸ್ಥೆಗೆ ಏಕರೂಪ ಪರೀಕ್ಷೆ ಎನ್ನಲಾಗುತ್ತದೆ. ಆ ಅಳತೆಯ ಆಧಾರದ ಮೇಲೆ ಶಾಲೆ, ಶಿಕ್ಷಕ ಹಾಗೂ ಇಲಾಖೆಯನ್ನು ಪ್ರಶ್ನಿಸುವುದೇ ಉತ್ತರದಾಯಿತ್ವ. ಕರ್ನಾಟಕದಲ್ಲಿ ಇವೆರಡೂ ಎರಡು ದಶಕಗಳಿಂದ ಪ್ರಯೋಗಕ್ಕೆ ಒಳಗಾಗುತ್ತಲೇ ಬಂದಿವೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂತಹ ಗಡಿಭಾಗದ ಗ್ರಾಮದ ಮಗುವಿಗೂ ಬೆಂಗಳೂರಿನ ಮಗುವಿಗೂ ಪ್ರಶ್ನೆಪತ್ರಿಕೆ ಒಂದೇ. ಆದರೆ ಇಬ್ಬರಿಗೂ ದೊರೆಯುವ ಪಾಠ ಒಂದೇ ಆಗಿದೆಯೇ ಎಂಬುದು ಇಡೀ ಚರ್ಚೆಯ ಮೂಲ.

ಈ ಭಾಗದಲ್ಲೇ ಮೊದಲ ಪ್ರಯೋಗ

ಶಾಲೆಯ ಸಾಧನೆಯನ್ನು ಹೊರಗಿನವರಿಂದ ಅಳೆಸುವ ಪ್ರಯತ್ನ ರಾಜ್ಯದಲ್ಲಿ ಗಂಭೀರವಾಗಿ ನಡೆದದ್ದು ಈಶಾನ್ಯ ಕರ್ನಾಟಕದಲ್ಲೇ ಎಂಬುದು ಗಮನಾರ್ಹ. 2002ರ ನಂತರ ರಾಜ್ಯ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಷನ್ ಸೇರಿ ಇಲ್ಲಿನ ಜಿಲ್ಲೆಗಳಲ್ಲಿ ‘ಕಲಿಕಾ ಖಾತರಿ’ ಕಾರ್ಯಕ್ರಮ ಕೈಗೊಂಡವು. ಪಾಲ್ಗೊಳ್ಳುವುದು ಕಡ್ಡಾಯವಾಗಿರಲಿಲ್ಲ, ಸರ್ಕಾರಿ ಪ್ರಾಥಮಿಕ ಶಾಲೆಗಳು ತಾವಾಗಿಯೇ ಮುಂದೆ ಬರಬೇಕಿತ್ತು. ದಾಖಲಾತಿ, ಹಾಜರಾತಿ ಹಾಗೂ ಕಲಿಕೆ ಎಂಬ ಮೂರು ಮಾನದಂಡಗಳಿದ್ದವು. ಮೊದಲ ಸುತ್ತಿನಲ್ಲಿ ಸುಮಾರು 900 ಶಾಲೆಗಳು ಮುಂದೆ ಬಂದರೂ ಮಾನದಂಡ ಮುಟ್ಟಿದವು 50ಕ್ಕೂ ಕಡಿಮೆ. ಅರ್ಹತೆ ಪಡೆದ ಶಾಲೆಗಳಿಗೆ ಪುರಸ್ಕಾರವಿತ್ತು. ಪಡೆಯದವುಗಳಿಗೆ ದಂಡನೆ ಇರಲಿಲ್ಲ.

ಇದೇ ಅವಧಿಯ ಅನುಭವದ ಬೆನ್ನಲ್ಲಿ, 2000ದ ದಶಕದ ಮಧ್ಯಭಾಗದಲ್ಲಿ, ಶಾಲಾ ಗುಣಮಟ್ಟ ಮೌಲ್ಯಾಂಕನಕ್ಕೆಂದೇ ರಾಜ್ಯಮಟ್ಟದ ಪ್ರತ್ಯೇಕ ಸಂಸ್ಥೆ ರೂಪುಗೊಂಡು, ಪ್ರಾಥಮಿಕ ತರಗತಿಗಳ ಮಕ್ಕಳ ಕಲಿಕೆಯನ್ನು ಅಳೆಯುವ ಕೆಲಸ ಆರಂಭವಾಯಿತು.

ಕಾಯ್ದೆ ಹೇಳುವುದೇನು?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಈ ದಿಕ್ಕನ್ನು ಬದಲಿಸಿತು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಮಂಡಳಿ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕೆಂಬ ನಿರ್ಬಂಧ ಇರಕೂಡದು ಎನ್ನುತ್ತದೆ ಅದರ 30ನೇ ಸೆಕ್ಷನ್. ವರ್ಷವಿಡೀ ಮಗುವಿನ ಪ್ರಗತಿಯನ್ನು ಗಮನಿಸುವ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನಕ್ಕೆ ಒತ್ತು ದೊರೆಯಿತು. 2019ರ ತಿದ್ದುಪಡಿಯು 5 ಮತ್ತು 8ನೇ ತರಗತಿಗೆ ವಾರ್ಷಿಕ ಪರೀಕ್ಷೆ ನಡೆಸಲು ಅವಕಾಶ ಕಲ್ಪಿಸಿತು. ಅನುತ್ತೀರ್ಣನಾದ ಮಗುವಿಗೆ ಹೆಚ್ಚುವರಿ ಬೋಧನೆ ನೀಡಿ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಬೇಕು. ಅಲ್ಲಿಯೂ ವಿಫಲವಾದರೆ ಅದೇ ತರಗತಿಯಲ್ಲಿ ಉಳಿಸಬೇಕೆ ಎಂಬುದನ್ನು ಸರ್ಕಾರ ನಿರ್ಧರಿಸಬಹುದು.

ನ್ಯಾಯಾಲಯದ ಮೆಟ್ಟಿಲಲ್ಲಿ

2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ 5 ಮತ್ತು 8ನೇ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ಪ್ರಕಟಿಸಿದಾಗ ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟ್ ಮೊರೆ ಹೋದವು. 2023ರ ಮಾರ್ಚ್ 10ರಂದು ಏಕಸದಸ್ಯ ಪೀಠ ಸುತ್ತೋಲೆಗಳನ್ನು ರದ್ದುಪಡಿಸಿತು. ಐದೇ ದಿನಗಳಲ್ಲಿ ವಿಭಾಗೀಯ ಪೀಠ ಅನುಮತಿ ನೀಡಿದ್ದರಿಂದ ಮಾರ್ಚ್ 27ರಿಂದ ಪರೀಕ್ಷೆ ನಡೆಯಿತು. ಯಾವ ಮಗುವನ್ನೂ ಅನುತ್ತೀರ್ಣಗೊಳಿಸುವುದಿಲ್ಲ ಎಂದು ಸರ್ಕಾರ ಭರವಸೆ ನೀಡಿತ್ತು.

ಮರುವರ್ಷ 5, 8, 9 ಮತ್ತು 11ನೇ ತರಗತಿಗಳಿಗೆ ಇದು ವಿಸ್ತರಣೆಯಾಯಿತು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ರದ್ದು. ಮರುದಿನವೇ ವಿಭಾಗೀಯ ಪೀಠದಿಂದ ತಡೆ. ಮಾರ್ಚ್ 11ರಂದು ಪರೀಕ್ಷೆ ಆರಂಭ. ಮಾರ್ಚ್ 12ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶ. ಅರ್ಧಕ್ಕೆ ನಿಂತ ಪರೀಕ್ಷೆ ಮಾರ್ಚ್ 22ರ ವಿಭಾಗೀಯ ಪೀಠದ ಆದೇಶದ ನಂತರ ಮುಂದುವರಿಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಣೆಗೆ ತಡೆಯೊಡ್ಡಿತು. ಹತ್ತು ವರ್ಷದ ಮಗುವೊಂದು ಒಂದೇ ತಿಂಗಳಲ್ಲಿ ‘ನಾಳೆ ಪರೀಕ್ಷೆ ಇದೆ’, ‘ಇಲ್ಲ’ ಎಂಬ ಮಾತುಗಳನ್ನು ಸರದಿಯಂತೆ ಕೇಳಬೇಕಾಯಿತು. ಅಳತೆಯ ಉದ್ದೇಶ ಎಷ್ಟೇ ಸಾಧುವಾಗಿದ್ದರೂ ವಿಧಾನ ಕಾಯ್ದೆಗೆ ಬದ್ಧವಾಗಿರಬೇಕೆಂಬುದು ಈ ಪ್ರಕರಣದ ಪಾಠ.

ಅಂಕಿಗಳ ಕನ್ನಡಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ಕಥೆಯೂ ಇದಕ್ಕೆ ಹೊರತಲ್ಲ. 2023ರಲ್ಲಿ ರಾಜ್ಯದ ಉತ್ತೀರ್ಣ ಪ್ರಮಾಣ ಶೇ 83.89 ಇತ್ತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಬಳಿಕವೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಆ ವರ್ಷ ಯಾದಗಿರಿ ಕೊನೆಯ ಸ್ಥಾನ ಪಡೆಯಿತು. ಕೃಪಾಂಕ ಏರಿಕೆ ಕೈಬಿಟ್ಟ 2025ರ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಪ್ರಮಾಣ ಶೇ 62.34. ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ ಕಲಬುರಗಿ ಶೇ 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು.

ಎರಡು ವರ್ಷಗಳಲ್ಲಿ ಮಕ್ಕಳ ಬುದ್ಧಿಮತ್ತೆ ಇಷ್ಟೊಂದು ಕುಸಿಯಲು ಸಾಧ್ಯವಿಲ್ಲ. ನಿಗಾ ಬಿಗಿಯಾದಂತೆ ಹಿಂದಿನ ಅಂಕಿಗಳೆಷ್ಟು ನಂಬಲರ್ಹ ಎಂಬ ಪ್ರಶ್ನೆಯೇ ಎದುರಾಗಿದೆ. ಸರಿಯಾದ ಪರೀಕ್ಷೆಯಿಂದ ಆದ ಲಾಭವೆಂದರೆ ಮುಚ್ಚಿದ್ದ ಗಾಯ ಕಾಣಿಸಿದ್ದು. ಆದರೆ ಗಾಯ ಕಂಡಿತೆಂದ ಮಾತ್ರಕ್ಕೆ ಮದ್ದು ಹಚ್ಚಿದಂತಾಗದು.

ಕೆಳಮುಖ ಉತ್ತರದಾಯಿತ್ವ

ಫಲಿತಾಂಶ ಕುಸಿದಾಗ ನೋಟಿಸ್ ಮೊದಲು ತಲುಪುವುದು ಮುಖ್ಯ ಶಿಕ್ಷಕರಿಗೆ, ಬಳಿಕ ವಿಷಯ ಶಿಕ್ಷಕರಿಗೆ. ಗಣಿತ ಅಥವಾ ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಆ ನೋಟಿಸಿಗೆ ಉತ್ತರಿಸಬೇಕಾದವರು ಯಾರು ಎಂಬುದಕ್ಕೆ ಸ್ಪಷ್ಟತೆ ಇಲ್ಲ. ಹಿರಿಯ ಪ್ರಾಥಮಿಕ ಹಂತದಲ್ಲೇ ಓದು ಬಾರದ ಮಗುವಿನ ಹೊಣೆ ಹತ್ತನೇ ತರಗತಿಯ ಶಿಕ್ಷಕರ ಹೆಗಲಿಗೆ ಬೀಳುತ್ತದೆ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಈ ಭಾಗದ ಹಿಂದುಳಿದಿರುವಿಕೆಯನ್ನು ಅಂಕಿಅಂಶ ಸಹಿತ ದಾಖಲಿಸಿತು. ಬಳಿಕ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನವೂ ದೊರೆಯಿತು. ಶಿಕ್ಷಕರನ್ನು ಒದಗಿಸುವುದು, ಶಾಲೆಗೆ ಸೌಲಭ್ಯ ಕಲ್ಪಿಸುವುದು ಸರ್ಕಾರದ ಕರ್ತವ್ಯವೆಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಆ ಕರ್ತವ್ಯಕ್ಕೆ ಅಂಕ ನೀಡುವ ಪರೀಕ್ಷೆ ಮಾತ್ರ ಇನ್ನೂ ರೂಪುಗೊಂಡಿಲ್ಲ.

ಸುಧಾರಣೆಯ ದಾರಿ

2023-24ರಲ್ಲಿ ಪೂರಕ ಪರೀಕ್ಷೆಯ ಬದಲಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು. ಒಮ್ಮೆ ಎಡವಿದ ವಿದ್ಯಾರ್ಥಿಯ ವರ್ಷ ವ್ಯರ್ಥವಾಗದಿರಲು ನೆರವಾಗುವುದು ಇದರ ಉದ್ದೇಶವಾಗಿತ್ತು. ಆದರೆ ಅವಕಾಶ ಹೆಚ್ಚಿದಷ್ಟೇ ಬೋಧನೆ ಹೆಚ್ಚದಿದ್ದರೆ ಪ್ರಯೋಜನ ಸೀಮಿತ.

ಕಲಿಕಾ ಖಾತರಿಯ ಅನುಭವ ಇಲ್ಲಿ ದಾರಿದೀಪವಾಗಬಲ್ಲದು. ಆರಂಭಿಕ ತರಗತಿಗಳಲ್ಲೇ ಓದು, ಬರಹ, ಲೆಕ್ಕವನ್ನು ಭಯವಿಲ್ಲದ ವಾತಾವರಣದಲ್ಲಿ ಅಳೆಯುವುದು. ಫಲಿತಾಂಶದ ಜೊತೆಯಲ್ಲೇ ಆ ಶಾಲೆಯ ಖಾಲಿ ಹುದ್ದೆಗಳನ್ನೂ ಪ್ರಕಟಿಸುವುದು. ಅದನ್ನು ಶಾಲಾಭಿವೃದ್ಧಿ ಸಮಿತಿಯ ಪೋಷಕರ ಮುಂದಿಡುವುದು. ಹಿಂದುಳಿದ ಶಾಲೆಗೆ ನೋಟಿಸಿಗಿಂತ ಮೊದಲು ಶಿಕ್ಷಕರನ್ನು ಕಳುಹಿಸುವುದು. ಇವು ಜಾರಿಯಾದಾಗ ಕಿಣ್ಣಿ ಸುಲ್ತಾನದ ಮಗುವಿನ ಉತ್ತರಪತ್ರಿಕೆಯು ಅದನ್ನು ಬರೆದವರ ಪರೀಕ್ಷೆಯಷ್ಟೇ ಆಗದೆ, ಬರೆಯಲು ಕಲಿಸಬೇಕಾದ ವ್ಯವಸ್ಥೆಯ ಪರೀಕ್ಷೆಯೂ ಆದೀತು.