ವಿಲಿಯಂ ಹಾರ್ಟ್‌ನೆಲ್: ಒಂದು ನಟಜೀವನ

ವಿಲಿಯಂ ಹಾರ್ಟ್‌ನೆಲ್ ಎಂಬ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿರಲಾರದು. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ 1963ರಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಟೆಲಿವಿಷನ್ ಧಾರಾವಾಹಿಯಲ್ಲಿ ಡಾಕ್ಟರನ ಪಾತ್ರವನ್ನು ಮೊದಲು ವಹಿಸಿದವನು ಆತ. ಅವನ ನಂತರ ಹತ್ತಕ್ಕೂ ಹೆಚ್ಚು ನಟನಟಿಯರು ಆ ಪಾತ್ರವನ್ನು ವಹಿಸಿದ್ದಾರೆ. ಹಾಗೆ ಒಬ್ಬರಾದ ಮೇಲೊಬ್ಬರು ಬರಲು ಸಾಧ್ಯವಾದದ್ದು ಹಾರ್ಟ್‌ನೆಲ್‌ನ ಪ್ರತಿಭೆಯಿಂದ ಎನ್ನುವುದಕ್ಕಿಂತ ಅವನ ಕಾಯಿಲೆಯಿಂದ ಎನ್ನಬೇಕು.

ಆತ ಹುಟ್ಟಿದ್ದು 1908ರ ಜನವರಿ 8ರಂದು, ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ. ತಾಯಿ ಅವಿವಾಹಿತೆ. ತಂದೆ ಯಾರೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮುಂದೆ ಹೆಸರು ಬಂದ ಮೇಲೆ ತಾನು ಡೆವನ್ ಪ್ರಾಂತದ ಮನೆತನಸ್ಥನೆಂದು ಹೇಳಿಕೊಳ್ಳುತ್ತಿದ್ದ. ಅದನ್ನು ಸುಳ್ಳೆಂದು ಜರೆಯುವುದು ಸುಲಭ. ಆ ಕಾಲದ ಇಂಗ್ಲೆಂಡಿನಲ್ಲಿ ಅಂಥ ಹುಟ್ಟು ಎಷ್ಟು ದೊಡ್ಡ ಕಳಂಕವಾಗಿತ್ತೆಂಬುದನ್ನು ನೆನೆದರೆ ಆ ಮಾತು ಬಾಯಿಗೆ ಬರಲಾರದು. ಹ್ಯೂ ಬ್ಲೇಕರ್ ಎಂಬ ಕಲಾಸಂಗ್ರಾಹಕ ಈ ಹುಡುಗನಿಗೆ ಆಶ್ರಯವಿತ್ತ. ಫ್ರಾಂಕ್ ಬೆನ್ಸನ್ನನ ಷೇಕ್ಸ್‌ಪಿಯರ್ ನಾಟಕ ಮಂಡಳಿಯಲ್ಲಿ ಸಾಮಾನು ಹೊರುವುದರಿಂದ ಮೊದಲುಮಾಡಿ ಆತ ನಟನಾದ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕ್ ದಳ ಸೇರಿ, ಮನಸ್ಸು ಕುಸಿದು, ಹಿಂದಿರುಗಿದ.

ಸೈನ್ಯದಲ್ಲಿ ನಿಲ್ಲಲಾರದೆ ಬಂದ ಈ ಮನುಷ್ಯನಿಗೆ ಚಿತ್ರರಂಗ ಕೊಟ್ಟದ್ದು ಮಾತ್ರ ಸೈನಿಕನ ಸಮವಸ್ತ್ರವನ್ನೇ. 1944ರ ‘ದಿ ವೇ ಅಹೆಡ್’ ಚಿತ್ರದಲ್ಲಿ ಸಾರ್ಜೆಂಟ್, 1958ರ ‘ಕ್ಯಾರಿ ಆನ್ ಸಾರ್ಜೆಂಟ್’ನಲ್ಲಿ ಅದೇ, ‘ದಿ ಆರ್ಮಿ ಗೇಮ್’ ಎಂಬ ಟೆಲಿವಿಷನ್ ಹಾಸ್ಯಮಾಲೆಯಲ್ಲಿ ಸಾರ್ಜೆಂಟ್ ಮೇಜರ್. ಗದರುವುದಕ್ಕೆಂದೇ ಹುಟ್ಟಿದ ಮುಖವೆಂದು ನಿರ್ಮಾಪಕರು ತೀರ್ಮಾನಿಸಿಬಿಟ್ಟಿದ್ದರು. ನಟನಿಗೆ ಇದಕ್ಕಿಂತ ದೊಡ್ಡ ಸೆರೆಮನೆ ಇಲ್ಲ.

ಅಲ್ಲಿಂದ ಅವನನ್ನು ಬಿಡಿಸಿದವರು ಇಬ್ಬರು ಎಳೆಯರು. 1963ರ ‘ದಿಸ್ ಸ್ಪೋರ್ಟಿಂಗ್ ಲೈಫ್’ ಚಿತ್ರದಲ್ಲಿ ಹಾರ್ಟ್‌ನೆಲ್ ಒಬ್ಬ ಬಡಪಾಯಿ ಮುದುಕನ ಚಿಕ್ಕ ಪಾತ್ರ ವಹಿಸಿದ್ದ. ಅದನ್ನು ಕಂಡವಳು ಬಿ.ಬಿ.ಸಿ.ಯ ತರುಣ ನಿರ್ಮಾಪಕಿ ವೇರಿಟಿ ಲ್ಯಾಂಬರ್ಟ್. ಆಕೆಯೊಡನೆ ಇದ್ದ ನಿರ್ದೇಶಕ ವಾರಿಸ್ ಹುಸೇನ್ 1938ರಲ್ಲಿ ಲಖನೌದಲ್ಲಿ ಹುಟ್ಟಿದವನು, ಲೇಖಕಿ ಅತಿಯಾ ಹುಸೇನರ ಮಗ. ಹೆಂಗಸೊಬ್ಬಳು ನಿರ್ಮಾಪಕಿ, ಭಾರತದಲ್ಲಿ ಹುಟ್ಟಿದವನೊಬ್ಬ ನಿರ್ದೇಶಕ. ಹಾರ್ಟ್‌ನೆಲ್‌ನಾದರೋ ಹಳೆಯ ಕಾಲದ ಪೂರ್ವಗ್ರಹಗಳನ್ನು ಬಿಡದವನೆಂದು ಜೊತೆಗಾರರೇ ಹೇಳಿದ್ದಾರೆ. ಆದರೂ ಇವರಿಬ್ಬರ ಮಾತಿಗೆ ಆತ ಒಲಿದ. 1963ರ ನವೆಂಬರ್ 23ರಂದು ಮೊದಲ ಕಂತು ಪ್ರಸಾರವಾಯಿತು. ಅಮೆರಿಕದ ಅಧ್ಯಕ್ಷ ಕೆನೆಡಿಯ ಕೊಲೆಯಾಗಿ ಆಗ ಒಂದು ದಿನ ಕಳೆದಿತ್ತು. ಮುಂದಿನ ವಾರ, ಎರಡನೆಯ ಕಂತಿಗೆ ಮುನ್ನ, ಮೊದಲನೆಯದನ್ನು ಇನ್ನೊಮ್ಮೆ ತೋರಿಸಿದರು.

ಪೊಲೀಸ್ ಪೆಟ್ಟಿಗೆಯ ರೂಪದ ಯಂತ್ರದಲ್ಲಿ ಕಾಲದೇಶಗಳನ್ನು ದಾಟುವ, ಬೇರೊಂದು ಲೋಕದಿಂದ ಬಂದ ಸಿಡುಕು ಮುದುಕ: ಇದು ಪಾತ್ರ. ಐವತ್ತೈದರ ಹಾರ್ಟ್‌ನೆಲ್ ಬಿಳಿಯ ಟೋಪನ್ ತೊಟ್ಟು ಅದಕ್ಕೆ ಮುಪ್ಪನ್ನು ತಂದ. ಸಾರ್ಜೆಂಟನ ಗದರಿಕೆ ಇಲ್ಲಿಯೂ ಉಳಿಯಿತು. ಆದರೆ ಅದರ ಹಿಂದೆ ಒಂದು ಅಜ್ಜನ ಅಕ್ಕರೆ ಕಾಣತೊಡಗಿತು. ಮಕ್ಕಳು ಮುಗಿಬಿದ್ದರು. ಕೆಲಸವೇನೂ ಹಗುರವಾಗಿರಲಿಲ್ಲ. ಮೊದಲ ಮಾಲಿಕೆಯಲ್ಲೇ 42 ಕಂತುಗಳು, ವಾರಕ್ಕೊಂದರಂತೆ. ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿಯಾದ್ದರಿಂದ ನಾಟಕದಂತೆ ಒಂದೇ ಓಟದಲ್ಲಿ ಆಡಿ ಮುಗಿಸಬೇಕು. ಮಾತು ತಪ್ಪಿದರೆ ತಪ್ಪಿದಂತೆಯೇ ಪ್ರಸಾರ. ಒಮ್ಮೆ ವಿಕಿರಣಕ್ಕೆ ಔಷಧ ಎನ್ನಬೇಕಾದಲ್ಲಿ ಕೈಗವಸು ಎಂದುಬಿಟ್ಟ, ಎದುರಿಗಿದ್ದ ನಟ ತಿದ್ದಿದ, ಆಟ ಮುಂದುವರಿಯಿತು. ನೋಡಿದವರು ಮುದುಕ ಡಾಕ್ಟರನ ಮರೆವೆಂದು ನಕ್ಕರು.

ಎಲ್ಲ ತಪ್ಪುಗಳೂ ಬರಿಯ ಆತುರದವಲ್ಲ. ಧಮನಿಗಳು ಗಡುಸಾಗುವ ರೋಗ ಅವನನ್ನು ಹಿಡಿದಿತ್ತು. ಮಾತುಗಳು ನೆನಪಿನಲ್ಲಿ ನಿಲ್ಲದಾದುವು. ಸಿಡುಕು ಹೆಚ್ಚಿತು. 1966ರಲ್ಲಿ ಆತ ಪಾತ್ರ ಬಿಡಬೇಕಾಯಿತು. ಜನಪ್ರಿಯ ಧಾರಾವಾಹಿಯನ್ನು ನಿಲ್ಲಿಸಲು ಸಂಸ್ಥೆಗೆ ಇಷ್ಟವಿಲ್ಲ. ಆಗ ಹೊಳೆದ ಉಪಾಯವಿದು: ಡಾಕ್ಟರ್ ಮನುಷ್ಯನಲ್ಲವಷ್ಟೆ, ಹಳೆಯ ಮೈ ಸವೆದಾಗ ಹೊಸ ಮೈ ಪಡೆಯಲಿ! ಪರಕಾಯ ಪ್ರವೇಶದ ಕಥೆ ಕೇಳಿ ಬೆಳೆದ ನಮಗೆ ಇದು ತೀರ ವಿಚಿತ್ರವೆನಿಸದು. ಇಲ್ಲಿ ಇನ್ನೊಬ್ಬನ ದೇಹಕ್ಕೆ ಹೋಗುವುದಿಲ್ಲ, ತನ್ನದೇ ಬದಲಾಗುತ್ತದೆ, ಅಷ್ಟೇ ವ್ಯತ್ಯಾಸ. ಅಕ್ಟೋಬರ್ 29ರಂದು ಹಾರ್ಟ್‌ನೆಲ್ ನೆಲಕ್ಕೊರಗಿದ. ಆ ಮುಖದ ಜಾಗದಲ್ಲಿ ಪ್ಯಾಟ್ರಿಕ್ ಟ್ರೌಟನ್ನನ ಮುಖ ಮೂಡಿತು.

ಹತ್ತನೆಯ ವರ್ಷದ ವಿಶೇಷ ಕಥೆಗಾಗಿ ಮತ್ತೆ ಕರೆಬಂತು. 1972ರ ಕೊನೆಯಲ್ಲಿ ಆರಂಭವಾದ ‘ದಿ ತ್ರೀ ಡಾಕ್ಟರ್ಸ್’ನಲ್ಲಿ ಅವನಿದ್ದಾನೆ, ಆದರೆ ಕುಳಿತೇ ಇದ್ದಾನೆ. ಮಾತುಗಳನ್ನು ಹಲಗೆಗಳ ಮೇಲೆ ಬರೆದು ಎದುರಿಗೆ ಹಿಡಿದಿದ್ದರು. ಅದೇ ಅವನ ಕೊನೆಯ ಅಭಿನಯ. 1975ರ ಏಪ್ರಿಲ್ 23ರಂದು ತೀರಿಕೊಂಡ.

ಆ ವೇಳೆಗೆ ಅವನ ಕೆಲಸವೂ ಅಳಿಯತೊಡಗಿತ್ತು. ಟೇಪು ದುಬಾರಿ, ಮರುಪ್ರಸಾರಕ್ಕೆ ನಟರ ಸಂಘದ ನಿರ್ಬಂಧ, ಬಣ್ಣ ಬಂದ ಮೇಲೆ ಕಪ್ಪುಬಿಳುಪಿಗೆ ಬೆಲೆಯಿಲ್ಲ, ಹೀಗೆಂದು ಬಿ.ಬಿ.ಸಿ. ಹಳೆಯ ಟೇಪುಗಳನ್ನು ಅಳಿಸಿತು. ಲೆಕ್ಕ ಸರಿಯೇ, ಆದರೂ ಮನಸ್ಸು ಒಪ್ಪುವುದಿಲ್ಲ. ಹೊರದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳು ಕೆಲವು 1980ರ ದಶಕದಲ್ಲಿ ಸೈಪ್ರಸ್, ನೈಜೀರಿಯಾಗಳಿಂದ ಮರಳಿದುವು. ಆತ ಟ್ರೌಟನ್ನನಾಗಿ ಮಾರ್ಪಟ್ಟ ಆ ಕಂತು ಮಾತ್ರ ಕಾಣೆಯಾಯಿತು. ಮುಖ ಬದಲಾಗುವ ಕೆಲವೇ ಕ್ಷಣಗಳು ಉಳಿದಿರುವುದು, 1973ರಲ್ಲಿ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮ ಆ ತುಣುಕನ್ನು ಎರವಲು ಪಡೆದು ತೋರಿಸಿದ್ದರಿಂದ.

ಬಾನುಲಿಯ ಕೇಳುಗರಿಗೆ ಇನ್ನೊಂದು ಸಂಗತಿ ಹೇಳಬೇಕು. ಕಳೆದುಹೋದ ಎಲ್ಲ ಕಂತುಗಳ ಧ್ವನಿ ಉಳಿದಿದೆ. 1960ರ ದಶಕದಲ್ಲಿ ಕೆಲವು ಬಾಲಕರೂ ತರುಣರೂ ಮನೆಯ ಟೆಲಿವಿಷನ್ನಿನ ಮಾತನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಅವುಗಳಲ್ಲಿ ಹಾರ್ಟ್‌ನೆಲ್ ಇಂದಿಗೂ ತಡವರಿಸುತ್ತಾನೆ, ಗಂಟಲು ಸರಿಮಾಡಿಕೊಳ್ಳುತ್ತಾನೆ, ಗದರುತ್ತಾನೆ.