ಮನೆಹಾಡಿನ ಅಕ್ಕತಂಗಿಯರು

ಕಳೆದ ವಾರ ಒಂದು ಸಂಜೆ ಕರೆಂಟು ಹೋಗಿತ್ತು. ಮೊಬೈಲಿನಲ್ಲಿ ಉಳಿದಿದ್ದ ಚೂರುಪಾರು ಚಾರ್ಜಿನಲ್ಲಿ ಹಳೇ ಆಲ್ಬಂ ಒಂದನ್ನು ಹಾಕಿಕೊಂಡು ಕೂತಿದ್ದೆ. ಹಾಡುವವಳು ತಂಗಿ, ನುಡಿಸುವವಳು ಅಕ್ಕ. ದನಿಯಲ್ಲಿ ಅಲಂಕಾರ ಇಲ್ಲ, ಕೇಳುವವರ ಕಣ್ಣಲ್ಲಿ ನೀರು ತರಿಸಬೇಕೆಂಬ ಹಟವೂ ಇಲ್ಲ. ಯಾರೋ ಅಡುಗೆಮನೆಯಲ್ಲಿ ಕೆಲಸ ಮಾಡ್ತಾ ತಮ್ಮ ಪಾಡಿಗೆ ತಾವು ಹಾಡಿಕೊಂಡ ಹಾಗಿತ್ತು. ಆದರೂ ಹಾಡು ಮುಗಿದ ಮೇಲೆ ಕತ್ತಲಲ್ಲೇ ಸುಮ್ಮನೆ ಕೂತುಬಿಟ್ಟೆ. ಆ ಅಕ್ಕತಂಗಿಯರ ಕತೆಯನ್ನು ನಿಮಗೂ ಹೇಳಿಬಿಡೋಣ ಅನ್ನಿಸಿತು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸಸೆಕ್ಸ್ ಅಂತ ಒಂದು ಸೀಮೆ ಇದೆ. ಸೀಮೆಸುಣ್ಣದಂಥ ಬಿಳಿಕಲ್ಲಿನ ಮೇಲೆ ಹುಲ್ಲು ಹೊದ್ದ ಗುಡ್ಡಗಳು, ಅವುಗಳಾಚೆ ಸಮುದ್ರ. ಡಾಲಿ ಕಾಲಿನ್ಸ್ ಹುಟ್ಟಿದ್ದು 1933ರಲ್ಲಿ, ಶರ್ಲಿ 1935ರಲ್ಲಿ. ಇಬ್ಬರೂ ಬೆಳೆದದ್ದು ಅಲ್ಲಿನ ಹೇಸ್ಟಿಂಗ್ಸ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲ. ವಿಮಾನದಾಳಿಯ ಭಯಕ್ಕೆ ಆಶ್ರಯತಾಣದಲ್ಲಿ ಅಡಗಿ ಕೂತಾಗ ಅಜ್ಜ ಅಜ್ಜಿ ಈ ಮಕ್ಕಳಿಗೆ ಹಳೇ ಹಾಡುಗಳನ್ನು ಹಾಡುತ್ತಿದ್ದರಂತೆ. ಇವರ ಸಂಗೀತಪಾಠ ಶುರುವಾದದ್ದು ಹಾಗೆ ನೋಡಿ!

ಸಸೆಕ್ಸಿಗೂ ಹಾಡಿಗೂ ಹಳೆಯ ನಂಟು. 1898ರಲ್ಲಿ ಕೇಟ್ ಲೀ ಎಂಬಾಕೆ ರಾಟಿಂಗ್‌ಡೀನ್ ಹಳ್ಳಿಗೆ ಬಂದು, ಜೇಮ್ಸ್ ಮತ್ತು ಥಾಮಸ್ ಕಾಪರ್ ಎಂಬ ಅಣ್ಣತಮ್ಮಂದಿರಿಂದ ಹಾಡುಗಳನ್ನು ಬರೆದುಕೊಂಡಳು. ಲಂಡನ್ನಿನಲ್ಲಿ ಜಾನಪದ ಗೀತೆಗಳ ಸಂಘ ಹುಟ್ಟಿದ್ದೂ ಅದೇ ವರ್ಷ. ಆದರೆ ಹೀಗೆ ಸಂಗ್ರಹವಾದ ಹಾಡುಗಳಿಗೆ ಆಮೇಲೆ ಆದದ್ದೇನು? ಎಷ್ಟೋ ಹಾಡುಗಳಿಗೆ ಪಿಯಾನೋ ಜೋಡಿಸಿ, ದೊಡ್ಡಮನೆಗಳ ಹಜಾರದಲ್ಲೋ ಶಾಲೆಯ ತರಗತಿಯಲ್ಲೋ ಹಾಡಿಸಿದರು. ಹಾಡು ಉಳೀತು, ಹಾಡಿನ ಮನೆ ತಪ್ಪಿಹೋಯ್ತು.

ಶರ್ಲಿ ಲಂಡನ್ನಿಗೆ ಹೋದಳು. ಅಲ್ಲಿ ಅಮೆರಿಕದ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್‌ನ ಪರಿಚಯವಾಯ್ತು. 1959ರಲ್ಲಿ ಇಬ್ಬರೂ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಅಮೆರಿಕದ ದಕ್ಷಿಣದ ರಾಜ್ಯಗಳನ್ನು ಸುತ್ತಿದರು. ಮಿಸಿಸಿಪ್ಪಿಯ ಕೋಮೋ ಎಂಬಲ್ಲಿ, ದಿನವಿಡೀ ಹೊಲದಲ್ಲಿ ದುಡಿದು ಸಂಜೆ ಗಿಟಾರ್ ಹಿಡಿದು ಬಂದ ಫ್ರೆಡ್ ಮೆಕ್‌ಡೊವೆಲ್‌ನನ್ನು ಮೊದಲ ಬಾರಿಗೆ ಧ್ವನಿಮುದ್ರಿಸಿದ್ದು ಇವರೇ. ಆಗ ಶರ್ಲಿಗೆ ಇಪ್ಪತ್ನಾಲ್ಕು. ಜಗುಲಿಯ ಮೇಲೆ, ಚರ್ಚಿನಲ್ಲಿ, ಜೈಲಿನಲ್ಲಿ ಜನ ಹಾಡುತ್ತಿದ್ದರು. ಅವರವರ ಹಾಡಿನಲ್ಲಿ ಅವರವರ ಊರು ಇತ್ತು. ಶರ್ಲಿ ತಿರುಗಿ ಬಂದದ್ದು ತನ್ನ ಊರಿನ ಹಾಡಿಗೇ.

ಡಾಲಿ ಅಷ್ಟರಲ್ಲಿ ಅಲನ್ ಬುಷ್ ಎಂಬ ಸಂಗೀತ ಸಂಯೋಜಕನ ಹತ್ತಿರ ಪಾಠ ಕಲಿತಿದ್ದಳು. 1967ರ 'ದ ಸ್ವೀಟ್ ಪ್ರೈಮ್‌ರೋಸಸ್' ಆಲ್ಬಮ್ಮಿನಲ್ಲಿ ತಂಗಿಯ ಹಾಡಿಗೆ ಆಕೆ ನುಡಿಸಿದ್ದು ಪೋರ್ಟಟಿವ್ ಆರ್ಗನ್ ಎಂಬ ಪುಟ್ಟ ವಾದ್ಯವನ್ನು. ನಮಗೆ ಗೊತ್ತಿರೋ ಹಾರ್ಮೋನಿಯಂನಲ್ಲಿ ಗಾಳಿಗೆ ಲೋಹದ ನಾಲಗೆಗಳು ಅದುರುತ್ತವೆ. ಇದರಲ್ಲಿ ಹಾಗಲ್ಲ, ಗಾಳಿ ಕೊಳವೆಯೊಳಗೆ ಕೊಳಲಿನಂತೆ ಉಲಿಯುತ್ತದೆ. ಹಾಗಾಗಿ ಸ್ವರ ಅಲುಗದೆ ನಿಲ್ಲುತ್ತೆ, ಹಾಡುವವಳನ್ನು ಎತ್ತಲೂ ಎಳೆಯೋದಿಲ್ಲ. ಪಿಯಾನೋ ಕಸಿದುಕೊಂಡದ್ದನ್ನು ಡಾಲಿ ಹೀಗೆ ಮೆಲ್ಲಗೆ ಹಾಡಿಗೆ ವಾಪಸು ಕೊಟ್ಟಳು ಅಂತ ನನಗನ್ನಿಸುತ್ತೆ.

1969ರಲ್ಲಿ 'ಆಂಥೆಮ್ಸ್ ಇನ್ ಈಡನ್' ಬಂತು. ಕ್ರಮ್‌ಹಾರ್ನ್, ಸ್ಯಾಕ್‌ಬಟ್‌ನಂಥ ಹಳೇ ಕಾಲದ ವಾದ್ಯಗಳು, ಡೇವಿಡ್ ಮನ್ರೋ ಮತ್ತು ಸಂಗಡಿಗರ ಸಾಥ್. ತಮಾಷೆ ಏನು ಗೊತ್ತಾ, ಅದನ್ನು ಹೊರತಂದ ಹಾರ್ವೆಸ್ಟ್ ಲೇಬಲ್ಲಿನಲ್ಲೇ ಪಿಂಕ್ ಫ್ಲಾಯ್ಡ್ ಕೂಡ ಇದ್ದರು! ಈ ಆಲ್ಬಮ್ಮಿನ ಒಂದು ಬದಿಯ ಹಾಡುಗಳೆಲ್ಲ ಸೇರಿ ಒಂದೇ ಕತೆ. ಹಳ್ಳಿಯ ಪ್ರೀತಿ, ಆಮೇಲೆ 1914ರ ಯುದ್ಧ, ಹೋದವರು ಹಿಂತಿರುಗದ ಊರು. ಹಾಡುವವರೇ ಸತ್ತರೆ ಹಾಡು ಯಾರ ಬಾಯಲ್ಲಿ ಉಳೀಬೇಕು ಹೇಳಿ?

ಆ ಪ್ರಶ್ನೆ ಮುಂದೆ ಶರ್ಲಿಯ ಕೊರಳಿಗೇ ಬಂತು. 1978ರಲ್ಲಿ ಅಕ್ಕತಂಗಿಯರ 'ಫಾರ್ ಆ್ಯಸ್ ಮೆನಿ ಆ್ಯಸ್ ವಿಲ್' ಹೊರಬಂತು. ಅದೇ ಹೊತ್ತಿಗೆ ಗಂಡ ಬಿಟ್ಟುಹೋದ. ಆ ಆಘಾತದಲ್ಲಿ, ವೇದಿಕೆಗೆ ಹೋದರೆ ಸ್ವರವೇ ಹೊರಡದಂತಾಯ್ತು. ಡಿಸ್ಫೋನಿಯಾ ಅಂತಾರೆ ಅದಕ್ಕೆ. ಕೆಲವು ವರ್ಷ ಹೆಣಗಾಡಿ ಕೊನೆಗೆ ಹಾಡೋದನ್ನೇ ಬಿಟ್ಟು, ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದಳು. 1995ರಲ್ಲಿ ಡಾಲಿ ತೀರಿಕೊಂಡಳು. ಜೋಡಿ ಮುಗೀತು.

ಕತೆ ಮಾತ್ರ ಮುಗೀಲಿಲ್ಲ. 2014ರಲ್ಲಿ, ಗೆಳೆಯ ಡೇವಿಡ್ ಟಿಬೆಟ್‌ನ ವರ್ಷಗಟ್ಟಲೆಯ ಒತ್ತಾಯಕ್ಕೆ ಮಣಿದು, ಎಪ್ಪತ್ತೆಂಟರ ಶರ್ಲಿ ಲಂಡನ್ನಿನ ಯೂನಿಯನ್ ಚಾಪೆಲ್‌ನಲ್ಲಿ ಎರಡೇ ಎರಡು ಹಾಡು ಹಾಡಿದಳು. ಮೂವತ್ತು ವರ್ಷಕ್ಕೂ ಮೀರಿದ ಮೌನ ಮುರಿದದ್ದು ಹೀಗೆ. 2016ರಲ್ಲಿ 'ಲೋಡ್‌ಸ್ಟಾರ್' ಬಂತು, ಹಿಂದಿನ ಆಲ್ಬಮ್ಮಿಗೂ ಇದಕ್ಕೂ 38 ವರ್ಷಗಳ ಅಂತರ. ಸ್ಟುಡಿಯೋದಲ್ಲಿ ಅಪರಿಚಿತರ ಮುಂದೆ ಹಾಡೋಕೆ ಅಳುಕು. ಅದಕ್ಕೇ ಲೂಯಿಸ್ ಪಟ್ಟಣದ ತನ್ನ ಮನೆಯಲ್ಲೇ ಕೂತು ಹಾಡಿದಳು. ದನಿ ಒರಟಾಗಿದೆ, ತಗ್ಗಿದೆ. ಹಾಡು ಮಾತ್ರ ಮನೆಗೆ ಬಂದಿದೆ.

2023ರಲ್ಲಿ, 87ರ ವಯಸ್ಸಿನಲ್ಲಿ, ಇನ್ನೊಂದು ಆಲ್ಬಂ ಬಂತು: 'ಆರ್ಕೇಂಜೆಲ್ ಹಿಲ್'. ಅದು ಊರ ಹತ್ತಿರದ ಗುಡ್ಡವೊಂದಕ್ಕೆ ಅವಳ ಮಲತಂದೆ ಇಟ್ಟಿದ್ದ ಹೆಸರು.

ಇದನ್ನೆಲ್ಲ ಯಾಕೆ ಬರೆದೆ ಅಂದ್ರೆ... ನನ್ನ ಅಜ್ಜಿಗೆ ನೂರಾರು ಹಸೆಹಾಡು ಬರ್ತಿತ್ತು. ನನ್ನ ಹತ್ತಿರ ಈಗ ಉಳಿದಿರೋದು ಒಂದು ಹಾಡಿನ ಎರಡು ಸಾಲು, ಅದೂ ಅರ್ಧಂಬರ್ಧ. ಅಜ್ಜಿ ಇದ್ದಾಗ ಟೇಪ್‌ರೆಕಾರ್ಡರ್ ಮನೆಯಲ್ಲೇ ಇತ್ತು, ನಾವು ಅದರಲ್ಲಿ ಸಿನಿಮಾ ಹಾಡು ಕೇಳ್ತಿದ್ವಿ. ನಿಮ್ಮನೇಲಿ ಹಾಡೋ ಹಿರಿಯರು ಇನ್ನೂ ಇದ್ದರೆ, ಈ ಭಾನುವಾರ ಫೋನು ಹಿಡಿದು ಅವರ ಪಕ್ಕ ಕೂತ್ಕೊಳ್ಳಿ. ದನಿ ಒಡೆದಿದ್ರೂ ಪರವಾಗಿಲ್ಲ.