ಗಂಟೆ ಬಾರಿಸದ ದಿನಗಳು: ಕೊರೊನಾ ಕಾಲದ ಹೆತ್ತವರು

ನಮ್ಮ ಶಾಲೆಯ ಐವತ್ತು ವರ್ಷಗಳ ಚರಿತ್ರೆಯಲ್ಲಿ ಗಂಟೆಯೇ ಬಾರಿಸದ ಕಾಲವೊಂದಿದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ರಾಜ್ಯದ ಶಾಲೆಗಳು ಮುಚ್ಚಿದವು. ಆ ಕಾಲದ ಸರ್ಕಾರಿ ಆದೇಶಗಳೆಲ್ಲ ಕಡತದಲ್ಲಿವೆ. ಹೆತ್ತವರು ಪಟ್ಟ ಪಾಡು ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಮುಂದೂಡಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಜೂನ್ 25ರಂದು ಆರಂಭವಾಯಿತು. ಮಾಸ್ಕ್ ಕಟ್ಟಿದ ಮಕ್ಕಳನ್ನು ಒಳಗೆ ಕಳಿಸಿ, ಅವರು ಹೊರಬರುವವರೆಗೂ ಎಷ್ಟೋ ತಂದೆತಾಯಂದಿರು ಗೇಟಿನಾಚೆ ಮರದ ನೆರಳಲ್ಲಿ ಕಾದರು. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳು ಶುರುವಾದವು. ಪಾಠದ ಹೊತ್ತಿಗೇ ಕರೆಂಟ್ ಹೋದರೆ ಅಂದಿನ ಪಾಠ ಹೋದಂತೆಯೇ.

ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಗುರುಗಳೇ ಊರೂರಿಗೆ ಹೋಗಿ ದೇವಸ್ಥಾನದ ಅಂಗಳ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದರು. ಫೋನೇ ಇಲ್ಲದವರು, ಸಾದಾ ಫೋನ್ ಇದ್ದವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಇದ್ದವರು ಎಂದು ಮಕ್ಕಳನ್ನು ಮೂರು ‘ಕಾಲ್ಪನಿಕ ಕೊಠಡಿ’ಗಳಾಗಿ ವಿಂಗಡಿಸಲಾಯಿತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಆಗ ನಾನು ಊರಿನಲ್ಲೇ ಕುಳಿತು ಕಂಪನಿಯ ಕೆಲಸ ಮಾಡುತ್ತಿದ್ದೆ. ಪಕ್ಕದ ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗುತ್ತಿತ್ತು. ಆತ ಸಂಜೆ ಮರಳಿದ ಮೇಲೆಯೇ ಮಗಳಿಗೆ ಶಾಲೆ. ಅವಳ ತಾಯಿ ಫೋನು ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು: “ಅಣ್ಣಾ, ನಂಗೆ ಓದಕ್ಕೆ ಬರಲ್ಲ. ಮೇಷ್ಟ್ರು ಏನೋ ಕಳಿಸವ್ರಂತೆ, ಬಂದೈತಾ ನೋಡು.” ದಿನಸಿಗೆ ಇಟ್ಟ ದುಡ್ಡಿನಲ್ಲಿ ರೀಚಾರ್ಜ್ ಮಾಡಿಸಿದ್ದನ್ನು ಅವರು ಗಂಡನಿಗೂ ಹೇಳಿರಲಿಲ್ಲ. ಕಂಪ್ಯೂಟರ್‌ನಿಂದಲೇ ಅನ್ನ ತಿನ್ನುವ ನನಗೆ, ಒಂದು ಫೋನು ಇಲ್ಲದಿದ್ದರೆ ಓದೇ ನಿಲ್ಲುತ್ತದೆಂಬುದು ಅಂದು ಅರ್ಥವಾಯಿತು.

2021ರ ಜನವರಿ 1ರಂದು ಹತ್ತನೆಯ ತರಗತಿ ತೆರೆಯಿತು. ಎರಡನೆಯ ಅಲೆ ಮತ್ತೆ ಬಾಗಿಲು ಹಾಕಿಸಿತು. ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನಗಳಲ್ಲಿ ಮುಗಿಯಿತು. ಆಗಸ್ಟ್ 23ರಿಂದ, ಸೋಂಕು ಕಡಿಮೆಯಿದ್ದ ಜಿಲ್ಲೆಗಳಲ್ಲಿ ಒಂಬತ್ತು, ಹತ್ತನೆಯ ತರಗತಿಗಳು ಮತ್ತೆ ನಡೆದವು.

ತರಗತಿಗೆ ಬರಲು ಪೋಷಕರ ಒಪ್ಪಿಗೆ ಪತ್ರ ಕಡ್ಡಾಯವಾಗಿತ್ತು. ಆ ತಾಯಿ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. “ಏನಾದ್ರೂ ಆದ್ರೆ?” ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆಟ್ಟು ಒತ್ತಿದರು.

ಅಂಥ ಪತ್ರಗಳೇ ನಮ್ಮ ಹೆತ್ತವರು ಬರೆದ ಇತಿಹಾಸ. ಶಾಲೆಯಲ್ಲಿ ಅವು ಉಳಿದಿದ್ದರೆ ರದ್ದಿಗೆ ಹಾಕದೆ ಕಾಪಾಡೋಣ. ಆ ದಿನಗಳ ನೆನಪು ಮಾಸುವ ಮುನ್ನ ಹಳೆಯ ವಿದ್ಯಾರ್ಥಿಗಳೆಲ್ಲ ತಮ್ಮ ಓಣಿಯ ತಂದೆತಾಯಂದಿರ ಮಾತನ್ನು ಬರೆದಿಡಲಿ.